ಏಳನೇ ಪ್ರಶ್ನೆಗೆ ಸೊನ್ನೆ

"ಸೊನ್ನೆ," ಅಂದ ಲಿಫ್ಟ್ ಮೆಕ್ಯಾನಿಕ್.

ಸರ್ವೆಯವಳು ಫಾರಂನಿಂದ ತಲೆ ಎತ್ತಲಿಲ್ಲ. ಇವತ್ತಿಗೆ ಇದು ಒಂಬತ್ತನೇ ಮನೆ, ಮೆಟ್ಟಿಲು ಹತ್ತಿ ಇಳಿದು ಮಂಡಿ ಕೈಕೊಟ್ಟಿತ್ತು. ನೆಲದೊಳಗಿನಿಂದ ಒಸರಿ ಮನೆ ಸೇರುವ, ಬಣ್ಣವೂ ಇಲ್ಲದ ವಾಸನೆಯೂ ಇಲ್ಲದ ರೇಡಾನ್ ಎಂಬ ಅನಿಲವನ್ನು ಅಳೆಯುವ ಕೆಲಸ ಅವಳದು. ಹನ್ನೊಂದು ದೇಶ ಸುತ್ತಿದ್ದಾಯಿತು. ಎಲ್ಲ ಕಡೆ ಒಂದೇ ಪೆಟ್ಟಿಗೆ, ಒಂದೇ ಫಾರಂ. ಬೆಂಕಿಪೊಟ್ಟಣದಷ್ಟಿರುವ ಪೆಟ್ಟಿಗೆ ಅಂಚೆಯಲ್ಲಿ ಮನೆಗೆ ಬರುತ್ತದೆ, ಮೂರು ತಿಂಗಳು ಮಲಗುವ ಕೋಣೆಯಲ್ಲಿರುತ್ತದೆ, ಆಮೇಲೆ ಅವಳು ಹೋಗಿ ತರುತ್ತಾಳೆ. ಏಳು ವರ್ಷದಿಂದ ಇದೇ ಗೋಳು. ಒಂದು ದೇಶದಲ್ಲಿ ಅದನ್ನು ಫ್ರಿಜ್ಜಿನೊಳಗೆ ಇಟ್ಟಿದ್ದರು, ಇನ್ನೊಂದರಲ್ಲಿ ಕಳೆದುಹೋದೀತೆಂದು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಯಾರಿಗೆ ಎಷ್ಟು ಅಂತ ಹೇಳುವುದು?

ಅದರಲ್ಲೂ ಈ ಏಳನೇ ಪ್ರಶ್ನೆ. 'ಪೆಟ್ಟಿಗೆ ಇಟ್ಟ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಿದ್ದರು?' ಎಂದು ಕೇಳಿದರೆ ಸೊನ್ನೆಯಂತೆ! ಮಲಗುವ ಕೋಣೆಯಲ್ಲಿ ಯಾರೂ ಮಲಗದೆ ಇರುತ್ತಾರೆಯೇ? ಬರೀ ಅಸಡ್ಡೆ. ಬರೆಯಲು ಬೇಜಾರು, ಒಂದು ಸೊನ್ನೆ ಸುತ್ತಿ ಕೈ ತೊಳೆದುಕೊಳ್ಳುತ್ತಾರೆ. ಅಂಥ ಸೊನ್ನೆ ಕಂಡಾಗಲೆಲ್ಲ ರಬ್ಬರಿನಿಂದ ಉಜ್ಜಿ, ಮನೆಯಲ್ಲಿ ಎಷ್ಟು ಜನರೋ ಅಷ್ಟನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು ಅವಳ ರೂಢಿ.

"ನೀವು, ನಿಮ್ಮ ಹೆಂಡ್ತಿ, ಕೂಸು. ಮೂರು ಅಂತ ತಿದ್ಕೋತೀನಿ ಬಿಡಿ," ಅಂದಳು.

"ಅಯ್ಯೋ, ಬೇಡ ಮೇಡಂ!" ಎರಡು ತಿಂಗಳ ಹೆಣ್ಣುಕೂಸನ್ನು ಹೆಗಲಿಗೆ ಹಾಕಿಕೊಂಡು ಹೆಂಡತಿ ಒಳಗಿನಿಂದ ಬಂದಳು. "ನಿಜವಾಗ್ಲೂ ಸೊನ್ನೆನೇ. ಆ ಪೆಟ್ಟಿಗೆ ಬಂದ ದಿನವೇ ಇವರು ಹಾಸಿಗೆ ಎಲ್ಲಾ ಹೊತ್ಕೊಂಡು ಹೋದ್ರು. ನಾನಾಗ ಎಂಟು ತಿಂಗಳ ಬಸುರಿ. ಅವತ್ತಿಂದ ಈ ಕೋಣೆ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇದೆ."

"ಯಾಕೆ?"

ಮೆಕ್ಯಾನಿಕ್ ಕೋಣೆಯ ಬಾಗಿಲು ತಳ್ಳಿ, ಪೆಟ್ಟಿಗೆಯ ಮುಚ್ಚಳವನ್ನು ದೂರದಿಂದಲೇ ತೋರಿಸಿದ. ಹಳದಿ ತ್ರಿಕೋನ, ಅದರೊಳಗೆ ಮೂರೆಸಳಿನ ಕಪ್ಪು ಗುರುತು. "ಆಸ್ಪತ್ರೆಗೆ ಲಿಫ್ಟ್ ರಿಪೇರಿಗೆ ಹೋದಾಗ ಎಕ್ಸ್‌ರೇ ರೂಮಿನ ಬಾಗಿಲ ಮೇಲೆ ಇದನ್ನೇ ನೋಡಿದೀನಿ. ಬಸುರಿಯರು ಹತ್ರ ಬರಬೇಡಿ ಅಂತ ಕೆಳಗೆ ಬರೆದಿತ್ತು. ನಮಗೇನು ಅಷ್ಟೂ ಬುದ್ಧಿ ಇಲ್ವಾ ಮೇಡಂ? ಹಾಗಂತ ನಿಮ್ಮ ಕೆಲಸ ಕೆಡಿಸಲಿಲ್ಲ ನೋಡಿ. ಇಟ್ಟ ಜಾಗದಿಂದ ಅಲುಗಾಡಿಸಿಲ್ಲ."

ಎಲ್ಲ ಭಾಷೆಯವರಿಗೂ ಒಂದೇ ಏಟಿಗೆ ಅರ್ಥವಾಗಲಿ ಎಂದು ಸರ್ವೆ ಕಚೇರಿಯವರು ಅಕ್ಷರ ಬಿಟ್ಟು ಆ ಗುರುತು ಹಾಕಿಸಿದ್ದರು. ಸಭೆಯಲ್ಲಿ ಅದಕ್ಕೆ ಕೈ ಎತ್ತಿದವರಲ್ಲಿ ಅವಳೂ ಇದ್ದಳು.

"ಹಾಗಾದ್ರೆ ಮೂರು ತಿಂಗಳಿಂದ ಎಲ್ಲಿ ಮಲಗ್ತಿದ್ದೀರಿ?"

"ಕೆಳಗೆ, ನೆಲಮಾಳಿಗೇಲಿ. ಅಲ್ಲಿಗೆ ಇದರ ಸೋಂಕೂ ತಾಕಲ್ಲ," ಅಂದ ಅವನು, ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತ.

ಅವಳು ಗೋಡೆ ಹಿಡಿದು ಇಳಿದಳು. ಬಣ್ಣದ ಹಳೇ ಡಬ್ಬಗಳು, ಸ್ಪ್ಯಾನರುಗಳ ಚೀಲ, ತೊಟ್ಟಿಲು. ಕೂಸಿಗೆ ಶೀತ ಆಗದಿರಲಿ ಎಂದು ಇದ್ದ ಒಂದೇ ಗವಾಕ್ಷಿಗೂ ಬಟ್ಟೆ ತುರುಕಿದ್ದರು. ಸಿಮೆಂಟು ನೆಲ ಗೋಡೆಯಿಂದ ಗೋಡೆಗೆ ಬಿರುಕು ಬಿಟ್ಟಿತ್ತು. ಬಿರುಕಿನ ಮೇಲೆಯೇ ಹಾಸಿಗೆ. ಅವಳು ಚೀಲದಿಂದ ರೇಡಾನ್ ಅಳೆಯುವ ಕೈಮೀಟರು ತೆಗೆದಿಟ್ಟು ಮೆಟ್ಟಿಲ ಮೇಲೆ ಕೂತಳು. ಅರ್ಧ ಗಂಟೆ ಕಾದಳು. ಮೀಟರು ಸಾವಿರದ ನೂರಕ್ಕೆ ಬಂದು ನಿಂತಿತು. ನೂರು ದಾಟಿದರೆ ಹುಷಾರು ಎನ್ನುವ ದೇಶಗಳಿವೆ, ಮುನ್ನೂರರವರೆಗೆ ಸುಮ್ಮನಿರುವ ದೇಶಗಳಿವೆ. ಸಾವಿರದ ನೂರನ್ನು ಸರಿ ಎನ್ನುವ ದೇಶವನ್ನು ಅವಳು ಕಂಡಿರಲಿಲ್ಲ.

"ನೋಡಪ್ಪಾ, ಪೆಟ್ಟಿಗೆ ಏನನ್ನೂ ಬಿಡಲ್ಲ. ಅದು ಬರೀ ಪ್ಲಾಸ್ಟಿಕ್ಕು, ಗಾಳೀಲಿ ಏನಿದೆ ಅಂತ ಗುರುತು ಹಾಕ್ಕೊಳ್ಳತ್ತೆ ಅಷ್ಟೆ. ಬಿಡೋದು ಈ ನೆಲ."

ಮೆಕ್ಯಾನಿಕ್ ನೆಲ ನೋಡಿದ, ತೊಟ್ಟಿಲು ನೋಡಿದ. "ನಾನೇ ತಂದು ಹಾಕಿದ್ನಲ್ಲ ಮೇಡಂ. ನನ್ನ ಕೈಯಾರೆ..."

"ತಪ್ಪು ನಿಮ್ಮದಲ್ಲ, ನಮ್ಮದು. ಮೂರು ತಿಂಗಳಿಗೇ ಏನೋ ಆಗಿಬಿಡತ್ತೆ ಅಂತ ಹೆದರಬೇಡಿ, ಇದು ವರ್ಷಾನುಗಟ್ಟಲೆ ಉಸಿರಾಡಿದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಆದ್ರೆ ಇಲ್ಲಿ ಇನ್ನೊಂದು ದಿನ ಬೇಡ. ಏಳಿ, ತೊಟ್ಟಿಲಿನ ಆ ಕಡೆ ಹಿಡ್ಕೊಳ್ಳಿ."

ಈ ಕಡೆ ಅವಳೇ ಹಿಡಿದಳು. ಮೆಟ್ಟಿಲು ಮೆಟ್ಟಿಲಿಗೂ ಮಂಡಿ ಜೀವ ಹಿಂಡಿತು. ಮೇಲೆ ಕಿಟಕಿಗಳನ್ನೆಲ್ಲ ತೆರೆಯುತ್ತ ಹೆಂಡತಿ ಕೇಳಿದ್ದು ಒಂದೇ ಮಾತು: "ಮೊದಲೇ ಒಬ್ಬರು ಬಂದು ಬಾಯಿ ಬಿಟ್ಟು ಹೇಳಬಾರದಿತ್ತಾ ಮೇಡಂ?" ಇನ್ನೊಂದು ವಾರದಲ್ಲಿ ಬಂದು ನೆಲದ ಬಿರುಕು ಮುಚ್ಚಿಸುವ ದಾರಿ ಹೇಳುತ್ತೇನೆ ಎಂದು ಮಾತು ಕೊಟ್ಟು ಹೊರಟಳು.

ವ್ಯಾನಿನಲ್ಲಿ ಕೂತು ಫಾರಂ ತೆಗೆದಳು. ಏಳನೇ ಪ್ರಶ್ನೆಯ ಮುಂದೆ ಮೊದಲ ಸಲ ಸೊನ್ನೆಯನ್ನು ಸೊನ್ನೆಯಾಗಿಯೇ ಬಿಟ್ಟಳು. ಆಮೇಲೆ ಅಂಕಿಅಂಶ ನೋಡಿಕೊಳ್ಳುವ ಗುಮಾಸ್ತನಿಗೆ ಫೋನ್ ಮಾಡಿದಳು.

"ಹನ್ನೊಂದೂ ದೇಶದ್ದು ತೆಗೆದು ನೋಡಪ್ಪ. ಏಳನೇ ಪ್ರಶ್ನೆಗೆ ಸೊನ್ನೆ ಬರೆದ ಮನೆಗಳ ಪಟ್ಟಿ ಬೇಕು. ಒಂದೊಂದು ಮನೆಗೂ ವಾಪಸ್ ಹೋಗ್ಬೇಕು, ಅರ್ಜೆಂಟು."

ಆ ಕಡೆ ಕೀಬೋರ್ಡಿನ ಟಕಟಕ ಸ್ವಲ್ಪ ಹೊತ್ತು ಕೇಳಿಸಿತು.

"ಒಂದೂ ಇಲ್ಲ ಮೇಡಂ," ಅಂದ ಗುಮಾಸ್ತ ಖುಷಿಯಿಂದ. "ನಿಮ್ಮ ಫಾರಂಗಳು ಯಾವಾಗ್ಲೂ ಅಚ್ಚುಕಟ್ಟು."