ಗಡಿಗೆಗೆ ಹೇಳುವ ಮಾತು

ರೋಹಿಣಿ ಮಳೆ ಹದವಾಗಿ ಬಿದ್ದು ಊರಿಗೆ ಊರೇ ಬಿತ್ತನೆಗೆ ಇಳಿದಿತ್ತು. ಹೆಸರುಕಾಳಿನ ಬೀಜಕ್ಕೆ ಬೂದಿ ಬೆರೆಸಿಟ್ಟ ಗಡಿಗೆಯ ಮುಂದೆ ನೀಲಗಂಗವ್ವ ಕೂತಿದ್ದಳು. ಎಲ್ಲರ ಮನೆಯ ಬೀಜಗಳಂತೆ ಅವೂ ದಿನಾ ಬೆಳಗ್ಗೆ, "ಮಳಿ ಬಂತೇನ?" ಎಂದು ಕೇಳುತ್ತಿದ್ದವು. ಬಂತೆಂದರೆ ಗಡಿಗೆಯಲ್ಲೇ ಮೊಳೆತು ಹಾಳಾಗುತ್ತವೆ. ಅದಕ್ಕೇ ಐದು ವರ್ಷ, ಹೊರಗೆ ಧೋ ಎಂದು ಸುರಿಯುವಾಗಲೂ, ಅವಳು "ಇಲ್ಲ, ಮಲ್ಕೊಳ್ರಿ" ಎನ್ನುತ್ತ ಬಂದಿದ್ದಳು.

ಓರಗಿತ್ತಿ ದುಂಡವ್ವ ಬಾಗಿಲಲ್ಲಿ ಉಡಿ ಒಡ್ಡಿ ನಿಂತಿದ್ದಳು. ಐದು ವರ್ಷದ ಹಿಂದೆ ಈ ಬೀಜ ಕಡ ಕೊಟ್ಟವಳು ಅವಳೇ; ಬಿತ್ತುವ ಯೋಗ ನೀಲಗಂಗವ್ವನಿಗೆ ಕೂಡಿಬಂದಿರಲಿಲ್ಲ.

"ಲಗೂ ಕೊಡವ್ವಾ. ನಮ್ಮ ಸೊಸಿ ಬಾಯಿತಪ್ಪಿ ಖರೇ ಹೇಳಿ, ಗಡಿಗಿ ತುಂಬ ಮೊಳಕಿ ಬಂದಾವು. ಇವೂ ಏಳಲಿಲ್ಲಂದ್ರ ನನ್ನ ಹೊಲ ಬೀಳೇ."

ನೀಲಗಂಗವ್ವ ಗಡಿಗೆಗೆ ಬಾಗಿ, "ಮಳಿ ಬಂತು, ಏಳ್ರಿ" ಎಂದಳು.

ಬೀಜಗಳು ಕೇಳಿದವು: "ಹಂಗಾರ, ಹೋದ ವರ್ಷ ಬಂದಿತ್ತೇನ?"

ಬಂದಿತ್ತೆಂದರೆ ಇವತ್ತಿನ ಮಾತನ್ನೂ ನಂಬಲಾರವು. ಇಲ್ಲವೆಂದರೆ, ಅವು ಏಳುತ್ತಲೇ ಕೇಳುವ ಮೊದಲ ಮಾತೇ ಸುಳ್ಳು.

"ಏನಂತ ಹೇಳಲೇ, ದುಂಡೀ?"

"ನನ್ನ ಕೇಳಬ್ಯಾಡ. ಖರೇ ಹೇಳಿ ಕೆಟ್ಟ ಮನಿ ನಮ್ಮದು."

ನೀಲಗಂಗವ್ವ ಅಂಗಳದ ಹಸಿಮಣ್ಣು ಒಂದು ಹಿಡಿ ತಂದು ದುಂಡವ್ವನ ಉಡಿಗೆ ಹಾಕಿ, ಅದರ ಮೇಲೆ ಅಷ್ಟೂ ಬೀಜ ಸುರಿದಳು. ಕಡ ತೀರಿತು. ದುಂಡವ್ವ ಹೊಲದ ದಾರಿ ಹಿಡಿದಳು. ಅವಳ ಉಡಿಯೊಳಗಿಂದ, "ಹೋದ ವರ್ಷ?" ಎಂಬುದು ಬೇಲಿ ದಾಟುವವರೆಗೂ ಕೇಳಿಸುತ್ತಿತ್ತು.