ಅಜ್ಜಿಯ ಪಾರ್ಟು

"ನಗಬೇಡಿ ಆಂಟಿ. ನಕ್ಕರೆ ಗೆರೆ ಎಲ್ಲ ಜಾಗ ಬದಲಿಸ್ತದೆ," ಎಂದಳು ಮೇಕಪ್ಪಿನ ನಮಿತಾ.

ವಾರಿಜಕ್ಕ ನಕ್ಕಿರಲಿಲ್ಲ, ಹಲ್ಲು ಕಚ್ಚಿ ಕೂತಿದ್ದರು. ಎದುರಿನ ಕುರ್ಚಿಯಲ್ಲಿ ಹಿತೇಶ ಕಣ್ಣು ಮುಚ್ಚಿ ಮುಖ ಒಡ್ಡಿದ್ದ. ನಮಿತಾ ಇವರ ಕೆನ್ನೆಯನ್ನು ನೋಡಿ ನೋಡಿ, ಅವನ ಕೆನ್ನೆಯ ಮೇಲೆ ಕಂದು ಪೆನ್ಸಿಲ್ಲಿನಿಂದ ಸುಕ್ಕು ಎಳೆಯುತ್ತಿದ್ದಳು.

"ನನ್ನ ಹಾಡಿನ ವಿಡಿಯೋದಲ್ಲಿ ಅಜ್ಜಿಯ ಪಾರ್ಟ್ ಉಂಟು, ನಿಮ್ಮದೇ ಒಳ್ಳೆ ಸೀರೆ ತನ್ನಿ" ಎಂದು ಫೋನು ಮಾಡಿ ಕರೆದವನು ಈ ಹಿತೇಶನೇ. ಮುಂಬಯಿಯ ಕನ್ನಡ ಸಂಘದ ನಾಟಕಗಳಲ್ಲಿ ಗುಂಪಿನ ನಡುವೆ ನಿಂತೇ ಅರವತ್ತು ದಾಟಿದ್ದ ವಾರಿಜಕ್ಕ, ಬಿಲ್ಡಿಂಗಿನ ಮನೆಮನೆಗೂ ಸುದ್ದಿ ಮುಟ್ಟಿಸಿ, ಬೊರಿವಲಿಯಲ್ಲಿ ಲೋಕಲ್ ರೈಲು ಹತ್ತಿ, ದಾದರಿನಲ್ಲಿ ಬದಲಿಸಿ, ಕುರ್ಲಾದ ಸಾಲುಮನೆಗಳ ಈ ಚಾಳಿಗೆ ಬಂದಿದ್ದರು. ಅಜ್ಜಿ ಆಗುವವನು ಹಿತೇಶನೇ ಎಂದು ತಿಳಿದದ್ದು ಬಂದು ಮುಟ್ಟಿದ ಮೇಲೆ.

"ಗಂಡಸು ಅಜ್ಜಿ ಆದ್ರೇನೇ ಕಾಮಿಡಿ, ಆಂಟಿ. ಬುರಾ ಮತ್ ಮಾನೋ, ಬೇಜಾರು ಮಾಡ್ಬೇಡಿ. ನಿಮ್ಮ ಮುಖ ನೋಡಿ ಮೇಕಪ್ ಮಾಡಿದ್ರೆ ರಿಯಲ್ ಬರ್ತದೆ," ಎಂದಿದ್ದ. ಅವರು ತೋರಿಸಿದ ಕುರ್ಚಿಯಲ್ಲಿ ಕೂತಿದ್ದರು. ಕೇಳಿದಾಗ ಸೀರೆಯನ್ನೂ ಕೊಟ್ಟಿದ್ದರು, ಮದುವೆಮನೆಗಳಿಗೆ ಮಾತ್ರ ಉಡುತ್ತಿದ್ದ ಹಸಿರು ಕೈಮಗ್ಗದ ಸೀರೆ.

ಆ ಸೀರೆಗೆ ಎಲ್ಲೆಂದರಲ್ಲಿ ಪಿನ್ನು ಚುಚ್ಚಿಸಿಕೊಂಡು, ಬಿಳಿ ವಿಗ್ಗಿನಲ್ಲಿ ಹಿತೇಶ ಚಾಳಿನ ಮನೆಗಳೆದುರಿನ ಗ್ಯಾಲರಿಗೆ ಬಂದ. ಸೊಂಟಕ್ಕೆ ಕೈ ಕೊಟ್ಟು, ಬೆನ್ನು ಬಗ್ಗಿಸಿ, ಕೆಮ್ಮುತ್ತಾ ನಾಲ್ಕು ಹೆಜ್ಜೆ ನಡೆದ.

"ಸೇಮ್ ಟು ಸೇಮ್ ಅಲ್ವಾ ಆಂಟಿ?"

"ನಾನು ಯಾವಾಗ ಸೊಂಟ ಹಿಡಿದು ನಡೆದದ್ದು? ದಾದರ್ ತನಕ ಲೋಕಲಿನಲ್ಲಿ ನಿಂತುಕೊಂಡೇ ಬಂದವಳು ನಾನು."

"ಪಬ್ಲಿಕ್‌ಗೆ ಅಜ್ಜಿ ಅಂದ್ರೆ ಹೀಗೇ ಬೇಕು, ಆಂಟಿ. ನೀವು ಹಿಂದೆ ಕೂತು ಅಕ್ಕಿ ಆರಿಸಿ. ನೀವೂ ವಿಡಿಯೋದಲ್ಲಿ ಬರ್ತೀರಿ."

ಉಟ್ಟು ಬಂದ ಸೀರೆಯಲ್ಲೇ ವಾರಿಜಕ್ಕ ಗೆರಸೆ ಹಿಡಿದು ಕೂತರು. ಕ್ಯಾಮೆರಾ ಒಮ್ಮೆ ಓಡಿತು. ಅದನ್ನು ಪರದೆಯಲ್ಲಿ ನೋಡಿದ ಹಿತೇಶ ತಲೆ ಕೆರೆದುಕೊಂಡ.

"ಅರೇ ಯಾರ್! ಆಂಟಿ ಪಕ್ಕದಲ್ಲಿ ನಾನು ಸುಳ್ಳು ಕಾಣ್ತೇನೆ. ಇವರು ಅಜ್ಜಿ ಹಾಗೆ ಕಾಣೋದೇ ಇಲ್ಲ. ನಮಿತಾ, ಆಂಟಿಗೂ ಸ್ವಲ್ಪ ವಯಸ್ಸು ಹಾಕು."

ನಮಿತಾ ಸಂಕೋಚದಿಂದಲೇ ಬಂದಳು. ಪೆನ್ಸಿಲ್ಲಿನ ತುದಿ ಕೆನ್ನೆಯ ನಿಜವಾದ ಸುಕ್ಕಿಗೆ ತಾಗಿದ್ದೇ ತಡ, ವಾರಿಜಕ್ಕ ಅವಳ ಕೈ ಹಿಡಿದು ಸರಿಸಿದರು. ಗೆರಸೆ ಕೆಳಗಿಟ್ಟು ಎದ್ದರು.

"ಸೀರೆ ಬಿಚ್ಚು."

"ಆಂಟಿ, ಶಾಟ್ ರೆಡಿ ಉಂಟು..."

"ಶಾಟ್ ನಿನ್ನದು. ಸೀರೆ ನನ್ನದು. ಬಿಚ್ಚು ಮಾರಾಯ."

ಹಿತೇಶ ಸುತ್ತ ನೋಡಿದ. ನಮಿತಾ ಒಂದೊಂದೇ ಪಿನ್ನು ಕಿತ್ತಳು. ಅಷ್ಟುದ್ದದ ಸೀರೆಯನ್ನು ಒಬ್ಬರೇ ಮಡಚಲು ಬಾರದು. ವಾರಿಜಕ್ಕ ಒಂದು ಅಂಚು ಅವನ ಕೈಗೆ ತುರುಕಿದರು. ಲಂಗ, ರವಿಕೆಯಲ್ಲಿ ನಿಂತ ಹಿತೇಶ ಬಿಳಿ ತಲೆ ತಗ್ಗಿಸಿ ಹಿಡಿದ. ಇಬ್ಬರೂ ಕೊಡವಿದರು, ಎಳೆದರು, ತುದಿಗೆ ತುದಿ ಕೂಡಿಸಲು ಹತ್ತಿರ ಬಂದರು. ಬೆವರಿಗೆ ಅವನ ಸುಕ್ಕುಗಳೆಲ್ಲ ಕರಗಿ ಗಲ್ಲದಿಂದ ತೊಟ್ಟಿಕ್ಕುತ್ತಿದ್ದವು.

"ದೂರ ನಿಂತು ಹಿಡಿ," ಎಂದರು ವಾರಿಜಕ್ಕ. "ಸೀರೆಗೆ ಹತ್ತೀತು."