ಮೂರನೆಯ ಪೆಡಲ್

"ಹತ್ತಿ ಕೂತುಕೋ ಕ್ಲೆಟಸ್! ಇನ್ನು ಇಗರ್ಜಿಯ ಏರು ಎಂತ, ಗುಡ್ಡೆಯನ್ನೇ ಹತ್ತುತ್ತದೆ ನಿನ್ನ ಕಾರು," ಎಂದು ಅಲ್ಫೋನ್ಸ್ ತಮ್ಮನನ್ನು ಅಂಗಳದಲ್ಲೇ ತಡೆದು ಚಾವಿಯನ್ನು ಅವನ ಕೈಗಿಟ್ಟ. ಮೆಕ್ಯಾನಿಕ್ ಪುರಂದರ ಪಕ್ಕದಲ್ಲಿ ನಿಂತು ಕೈಯ ಗ್ರೀಸ್ ಒರೆಸಿಕೊಳ್ಳುತ್ತ ನಗುತ್ತಿದ್ದ.

ಕ್ಲೆಟಸ್ ಆಗಷ್ಟೇ ಮಂಜೇಶ್ವರ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಬಂದಿಳಿದಿದ್ದ. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದರಲ್ಲಿ ಎರ್ನಾಕುಲಂನಿಂದ ತಂದ ಎಣ್ಣೆಯ ಡಬ್ಬಿ. ತಾನಾಗಿಯೇ ಗೇರು ಬದಲಾಗುವ ವಿದೇಶಿ ಕಾರುಗಳ ಗೇರ್ ಬಾಕ್ಸಿಗೆ ಹಾಕುವ ಕೆಂಪೆಣ್ಣೆ ಅದು. ಅದಕ್ಕಾಗಿ ಅಂಗಡಿಯಿಂದ ಅಂಗಡಿಗೆ ಕುಂಟಿಕೊಂಡು ಅಲೆದಿದ್ದ. ಅದೇ ಬಾಕ್ಸಿನ ಫಿಲ್ಟರ್ ತರಿಸಿ ಕೈಗೆ ಸಿಗುವವರೆಗೆ ಹಳೆಯ ಗೆಳೆಯನೊಬ್ಬನ ಮನೆಯಲ್ಲಿ ವಾರಗಟ್ಟಲೆ ಬಿದ್ದುಕೊಂಡಿದ್ದ. ರೈಲಿನಲ್ಲಿ ಡಬ್ಬಿಯನ್ನು ಯಾರಾದರೂ ಒದ್ದಾರೆಂದು ಕೆಳಗೂ ಇಟ್ಟಿರಲಿಲ್ಲ. ಬರುವ ಸೋಮವಾರ ಅಣ್ಣನ ಮಗಳು ತೆರೆಜಾಳ ಮದುವೆ. "ಬಾಪ್ಪು, ನನ್ನನ್ನು ಇಗರ್ಜಿಗೆ ನೀವೇ ಕಾರಲ್ಲಿ ಕರಕೊಂಡು ಹೋಗಬೇಕು," ಎಂದು ಹುಡುಗಿ ಚಿಕ್ಕಪ್ಪನಿಂದ ಮಾತು ತೆಗೆದುಕೊಂಡಿದ್ದಳು.

ಬಹರೇನಿನಲ್ಲಿ ಕಟ್ಟಡದ ಮೇಲಿನಿಂದ ಬಿದ್ದು ಎಡಗಾಲು ಸತ್ತುಹೋದ ಮೇಲೆ ಕ್ಲೆಟಸ್‌ಗೆ ಉಳಿದದ್ದು ಅಲ್ಲಿಂದ ತಂದ ಈ ಹಳೆಯ ಕಾರೊಂದೇ. ಕ್ಲಚ್ ಇಲ್ಲ, ಬಲಗಾಲೊಂದಿದ್ದರೆ ಸಾಕು. ಊರಿಗೊಬ್ಬಳೇ ಪದ್ಮಾವತಿ ಎಂಬಂತೆ ಈ ಸುತ್ತಿನಲ್ಲಿ ಅಂಥ ಕಾರು ಇನ್ನೊಂದಿರಲಿಲ್ಲ. ನೆಲದ ಮೇಲೆ ಅವನು ಎಲ್ಲರಿಗೂ ಪಾಪದ ಕ್ಲೆಟಸ್. ಸ್ಟಿಯರಿಂಗ್ ಹಿಡಿದರೆ ಮಾತ್ರ ಬಸುರಿಯರನ್ನು ಆಸ್ಪತ್ರೆಗೆ, ಪಾದ್ರಿಗಳನ್ನು ಸ್ಟೇಷನ್ನಿಗೆ ಮುಟ್ಟಿಸುವ ಗಂಡಸು. ಅಲ್ಫೋನ್ಸ್‌ಗೆ ಆ ಕಾರು ಒಗ್ಗಲೇ ಇಲ್ಲ. ಜೀಪು ಓಡಿಸಿ ಪಳಗಿದ ಅವನ ಎಡಗಾಲು ಒಮ್ಮೆ ಇಗರ್ಜಿಯ ಎದುರಲ್ಲೇ ಇಲ್ಲದ ಕ್ಲಚ್ಚನ್ನು ಹುಡುಕಿ, ಅಗಲದ ಬ್ರೇಕನ್ನೇ ಗಟ್ಟಿಯಾಗಿ ತುಳಿದುಬಿಟ್ಟಿತ್ತು. ಹೆಂಡತಿ ಜೆರ್ಟ್ರೂಡಳ ಹಣೆ ಎದುರಿನ ಗಾಜಿಗೆ ಬಡಿದು ಬಾತುಕೊಂಡಿತ್ತು. ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬರುತ್ತಿದ್ದ ಜನ ನಕ್ಕದ್ದನ್ನು ಅವನು ಮರೆತಿರಲಿಲ್ಲ.

ಈಚೆಗೆ ಏರು ಬಂತೆಂದರೆ ಇಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ಕಾರು ನಿಂತಲ್ಲೇ ನಿಲ್ಲುತ್ತಿತ್ತು. ಪುರಂದರ ಇಂಜಿನ್ ಆಫ್ ಮಾಡಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, "ಎಣ್ಣೆ ಬೇಕಾದಷ್ಟು ಉಂಟು, ಬಾಕ್ಸೇ ಹೋಗಿದೆ," ಎಂದು ತೀರ್ಪು ಕೊಟ್ಟಿದ್ದ. "ಇದನ್ನು ಹಾಗೆ ನೋಡುವುದಲ್ಲ ಮಾರಾಯ," ಎಂದು ಕ್ಲೆಟಸ್ ಕಾರನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿ, ಇಂಜಿನ್ ಚಾಲೂ ಇಟ್ಟೇ ಕಡ್ಡಿ ತೆಗೆದಿದ್ದ. ಎಣ್ಣೆ ತುದಿಗಷ್ಟೇ ಹತ್ತಿತ್ತು. ಕೆಂಪು ಮಾಸಿ ಕಂದಾಗಿತ್ತು, ಆದರೆ ಕರಟಿದ ವಾಸನೆ ಇರಲಿಲ್ಲ. "ಬಾಕ್ಸ್ ಹೋಗಲಿಲ್ಲ. ಎಣ್ಣೆ ಇಳಿದಿದೆ, ಫಿಲ್ಟರ್ ಕಟ್ಟಿದೆ, ಅಷ್ಟೇ. ನಾನು ಬರುವ ತನಕ ಯಾರೂ ಮುಟ್ಟಬೇಡಿ," ಎಂದು ಹೇಳಿಯೇ ರೈಲು ಹತ್ತಿದ್ದ.

ಈಗ ಊರುಗೋಲನ್ನು ಬಾಗಿಲಿಗೆ ಒರಗಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಕೂತ. ಕೈ ಅಭ್ಯಾಸದಂತೆ ಗೇರಿನ ಕಡೆ ಹೋಯಿತು. ಅಲ್ಲಿ ಜೀಪಿನ ಉದ್ದನೆಯ ಕೋಲೊಂದು ನಿಂತಿತ್ತು. ಬಗ್ಗಿ ಕೆಳಗೆ ನೋಡಿದ. ಪೆಡಲ್ ಎರಡಲ್ಲ, ಮೂರು.

"ಎಂತ ಮಾಡಿದ್ದು ಇದು?"

"ಜೀಪಿನ ಗೇರ್ ಬಾಕ್ಸ್ ಕೂರಿಸಿದ್ದು ಪೊರ್ಬುಗಳೇ," ಎಂದು ಪುರಂದರ ಊರ ಕ್ರಿಸ್ತರನ್ನು ಕರೆಯುವ ಮರ್ಯಾದೆಯ ಮಾತಿನಲ್ಲೇ ಹೇಳಿದ. "ಇನ್ನು ತಲೆಬಿಸಿಯೇ ಇಲ್ಲ. ಪಾರ್ಟ್ಸ್ ಎಲ್ಲ ಕಡೆ ಸಿಗ್ತದೆ."

"ಫಿಲ್ಟರ್ ಬಿಚ್ಚಿ ನೋಡಿದೆಯಾ?"

"ಆ ಬಾಕ್ಸಿಗೂ ಫಿಲ್ಟರ್ ಉಂಟಾ?"

"ಹಳೇ ಬಾಕ್ಸ್ ಎಲ್ಲಿ?"

"ಗುಜರಿಯವನು ಕೊಂಡುಹೋದ," ಅಲ್ಫೋನ್ಸ್ ಉತ್ತರಿಸಿದ. "ಮದುವೆ ಇಟ್ಟುಕೊಂಡು ನಿನ್ನ ದಾರಿ ಕಾಯ್ತಾ ಕೂರ್ಲಿಕ್ಕೆ ಆಗ್ತದಾ? ಈಗ ಯಾರು ಬೇಕಾದರೂ ಓಡಿಸಬಹುದು."

ನೆಗಡಿ ಬಂತೆಂದು ಮೂಗು ಕೊಯ್ದಿದ್ದರು. ಕೊಯ್ದವರಿಗೆ ನೋವಿಲ್ಲ, ಮೂಗು ಅವರದ್ದಲ್ಲವಲ್ಲ. ಕ್ಲೆಟಸ್‌ಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅವಮಾನ, ಬಿದ್ದ ದಿನ ನಾಲ್ಕು ಜನ ತನ್ನನ್ನು ಎತ್ತಿ ಸಾಗಿಸುವಾಗ ಆದಂಥದ್ದೇ. ಅವನು ಪ್ಯಾಂಟಿನ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಗಾಲನ್ನು ಎತ್ತಿ ಆ ಹೊಸ ಪೆಡಲಿನ ಮೇಲಿಟ್ಟ. ಕಾಲು ಅಲ್ಲೇ ಕೂತಿತು. ಪೆಡಲ್ ಕೂದಲೆಳೆಯಷ್ಟೂ ಇಳಿಯಲಿಲ್ಲ.

ಪುರಂದರನ ನಗು ಆರಿಹೋಯಿತು. "ಅಯ್ಯೋ ಪೊರ್ಬುಗಳೇ... ಅಣ್ಣ ಹೇಳಿದರು ಅಂತ ಮಾಡಿದ್ದು. ನನಗೆ ಹೊಳೆಯಲೇ ಇಲ್ಲ."

ಅಷ್ಟರಲ್ಲಿ ಕಾರಿನ ಸದ್ದಿಗಾಗಿ ಕಾದಿದ್ದ ತೆರೆಜಾ ಜಗಲಿಗೆ ಬಂದಳು. "ಬಾಪ್ಪು, ಎಣ್ಣೆ ಸಿಕ್ಕಿತಾ?"

"ಸಿಕ್ಕಿತು ಮಗಾ," ಎಂದ ಕ್ಲೆಟಸ್, ಡಬ್ಬಿಯನ್ನು ಅಪ್ಪಿಕೊಂಡು. ಆಮೇಲೆ ತಲೆಯೆತ್ತಿ ಅಲ್ಫೋನ್ಸನನ್ನು ನೋಡಿದ. "ಅಣ್ಣ, ನಿನಗೂ ಹೊಳೆಯಲಿಲ್ಲವಾ?"

ಅಲ್ಫೋನ್ಸ್ ಮಗಳ ಕಡೆ ನೋಡಿದ, ಕಾರಿನ ಕಡೆ ನೋಡಿದ, ತಮ್ಮನ ಮುಖವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ.

"ನೀನು ಇನ್ನು ಯಾಕೆ ಕಷ್ಟಪಡುವುದು? ಹಿಂದಿನ ಸೀಟಿನಲ್ಲಿ ಆರಾಮ ಕೂತುಕೋ. ಮಾಲಕ ಅಲ್ವಾ ನೀನು?" ಎಂದು ಹಿಂದಿನ ಬಾಗಿಲನ್ನು ತೆರೆದು ಹಿಡಿದ. ಅವನ ಇನ್ನೊಂದು ಕೈ ಚಾವಿಗಾಗಿ ತಮ್ಮನ ಮುಂದೆ ಚಾಚಿಕೊಂಡಿತ್ತು.